ಆರು ಸಿಲಿಂಡರ್ ಮಸ್ಟಾಂಗ್, ಇದ್ದ ಹಾಗೇ: ಹಳೇ ಕಾರುಗಳನ್ನ ಒಂದೇ ರೋಡಲ್ಲಿ ಓಡಿಸಿ ನೋಡಿದ ಮೇಲೆ

ಗ್ಯಾಸ್ ಸ್ಟೇಷನ್‌ನಲ್ಲಿ ನಿಂತಾಗಲೆಲ್ಲ ಯಾರಾದ್ರೂ ಒಬ್ರು ಹತ್ರ ಬರ್ತಾರೆ, ಕಾರಿನ ಸುತ್ತ ಒಂದು ರೌಂಡ್ ಹಾಕ್ತಾರೆ, ಚೆನ್ನಾಗಿ ಇಟ್ಕೊಂಡಿದೀಯ ಅಂತಾರೆ, ಆಮೇಲೆ ಬರೋ ಪ್ರಶ್ನೆ ಮಾತ್ರ ಒಂದೇ: ವಿ8, ಅಂದ್ರೆ ಎಂಟು ಸಿಲಿಂಡರಿನ ಇಂಜಿನ್ ತಾನೆ? ಅಲ್ಲ, ಸಿಕ್ಸು, ಆರೇ ಸಿಲಿಂಡರು ಅಂತೀನಿ. "ಓ" ಅಂತಾರೆ. ಹುಡುಗ ಇಂಜಿನಿಯರ್ ಅಂದ್ಕೊಂಡು ಬಂದವರಿಗೆ ಅಲ್ಲ ಡಿಪ್ಲೊಮಾ ಅಂತ ಗೊತ್ತಾದಾಗ ಹುಡುಗಿಯ ಸೋದರಮಾವ ಒಂದು "ಓ" ಹೇಳ್ತಾರಲ್ಲ, ಅದೇ ಓ.

ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾಲ್ಕು ವರ್ಷದಿಂದ ಗ್ಯಾರೇಜಲ್ಲಿ ಒಂದು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ (ಮಡಚೋಕಾಗದ ಗಟ್ಟಿ ಛಾವಣಿಯದ್ದು) ಇದೆ. 200 ಕ್ಯೂಬಿಕ್ ಇಂಚಿನ, ಅಂದ್ರೆ ಹತ್ತಿರತ್ತಿರ 3.3 ಲೀಟರಿನ ಸಾಲು ಆರು ಸಿಲಿಂಡರ್, ಮೂರು ಗೇರಿನ ಮ್ಯಾನುಯಲ್, ಪವರ್ ಸ್ಟೀರಿಂಗ್ ಇಲ್ಲ, ಏಸಿ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇಲ್ಲಿನ ನಮ್ಮ ಕನ್ನಡದವರ ಗುಂಪಲ್ಲಿ ಕಾರ್ ಹುಚ್ಚು ಇರೋರು ಏಳೆಂಟು ಜನ ಇದೀವಿ, ಅವ್ರೆಲ್ಲರದ್ದೂ ಒಂದೇ ರಾಗ, "ಬಾಡಿ ಇಷ್ಟು ಚೆನ್ನಾಗಿದೆ ಮಾರಾಯ, ಒಂದು ವಿ8 ಕೂರಿಸಿಬಿಡು, ಡಿಸ್ಕ್ ಬ್ರೇಕ್ ಹಾಕ್ಸು, ಯಾಕೆ ಹಿಂಗೆ ಇಟ್ಕೊಂಡಿದೀಯ." ನಾಲ್ಕು ವರ್ಷ ಕೇಳಿ ಕೇಳಿ ನನಗೂ ಡೌಟ್ ಬಂತು, ನಾನೇ ಹಠ ಮಾಡ್ತಿದೀನಾ ಅಂತ. ಅದಕ್ಕೆ ಹೋದ ವರ್ಷ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಕೇಳಿ ಕಾಡಿ ಬೇಡಿ ಬೇರೆಯವರ ಕಾರುಗಳನ್ನ ಇಸ್ಕೊಂಡು, ನನ್ನದರ ಜೊತೆ ಒಂದೇ ರೋಡಲ್ಲಿ ಓಡಿಸಿ ನೋಡಿದೆ. ಅದರ ಲೆಕ್ಕ ಇದು.

ರೋಡು ಯಾವ್ದು ಅಂದ್ರೆ, ಮಿಷನ್ ಬುಲೆವಾರ್ಡ್ ಹಿಡ್ಕೊಂಡು ನೈಲ್ಸ್‌ಗೆ ಬಂದು, ಅಲ್ಲಿಂದ ನೈಲ್ಸ್ ಕ್ಯಾನ್ಯನ್ ಒಳಗೆ ಹೊಳೆ ಪಕ್ಕದಲ್ಲೇ ಸುತ್ಕೊಂಡು ಸುನೋಲ್ ತನಕ, ಸುನೋಲ್‌ನಿಂದ 680 ಹೈವೇ ಹತ್ತಿ ಆ ಉದ್ದದ ಏರು ದಾಟಿ ವಾಪಸ್ ಫ್ರೀಮಾಂಟ್. ಇಪ್ಪತ್ತು ಮೈಲಿ ಒಳಗೇ ಮುಗಿಯುತ್ತೆ ಆದ್ರೆ ಸಿಗ್ನಲ್ಲು, ತಿರುವು, ಹೈವೇ, ಏರು, ಇಳಿಜಾರು ಎಲ್ಲಾ ಇದೆ. (ನೈಲ್ಸ್ ಅಂದ್ರೆ ಚಾರ್ಲಿ ಚಾಪ್ಲಿನ್ 1915ರಲ್ಲಿ ಬಂದು ಸಿನಿಮಾ ತೆಗೆದ ಊರು, ಈಗ್ಲೂ ಮೇನ್ ರೋಡಲ್ಲಿ ಹಳೇ ಅಂಗಡಿಗಳ ಮುಂದೆ ಹಳೇ ಕಾರು ನಿಲ್ಲಿಸಿದ್ರೆ ಫೋಟೋ ತೆಗೆಯೋಕೆ ಜನ ಬರ್ತಾರೆ.)

ಮೊದ್ಲು ನನ್ನ ಕಾರಿನ ಜಾತಕ ಹೇಳ್ಬಿಡ್ತೀನಿ. ಮಸ್ಟಾಂಗ್ ನ್ಯೂಯಾರ್ಕಿನ ವರ್ಲ್ಡ್ಸ್ ಫೇರ್‌ನಲ್ಲಿ 1964ರ ಏಪ್ರಿಲ್ 17ಕ್ಕೆ ಬಂತು, ಶುರುವಿನ ಬೆಲೆ 2,368 ಡಾಲರ್. ಆ ಬೆಲೆಗೆ ಸಿಗ್ತಿದ್ದಿದ್ದು ಸಿಕ್ಸೇ, ವಿ8 ಬೇಕಂದ್ರೆ ಮೇಲೆ ಕೊಡ್ಬೇಕು. ಒಳಗಡೆ ಎಲ್ಲಾ ಫಾಲ್ಕನ್ ಅನ್ನೋ ಸಾದಾ ಫ್ಯಾಮಿಲಿ ಕಾರಿನ ಸಾಮಾನು, ಮೇಲೆ ಮಾತ್ರ ಉದ್ದ ಬಾನೆಟ್ಟು ಚಿಕ್ಕ ಡಿಕ್ಕಿಯ ಆ ಅಂದ. ಎರಡು ವರ್ಷ ತುಂಬೋಕೆ ಮುಂಚೆ ಹತ್ತು ಲಕ್ಷ ಮಾಡಿದ್ರು. ಹಂಗಾದ್ರೆ ಯೋಚನೆ ಮಾಡಿ, ಇವನ್ನೆಲ್ಲ ತಗೊಂಡಿದ್ದು ರೇಸ್ ಓಡಿಸೋರಾ? ಟೀಚರ್‌ಗಳು, ನರ್ಸ್‌ಗಳು, ಕಾಲೇಜ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರು. ಸಿಕ್ಸ್ ಮಸ್ಟಾಂಗಿಗೆ ಇಲ್ಲಿ "ಸೆಕ್ರೆಟರಿ ಕಾರು" ಅಂತ ಒಂದು ಅಡ್ಡಹೆಸರೇ ಇದೆ, ಹೀಯಾಳಿಸೋಕೆ ಹೇಳೋದು. ನನಗಂತೂ ಅದು ಹೀಯಾಳಿಕೆ ಅನ್ಸಲ್ಲ, ದಿನಾ ಬೆಳಿಗ್ಗೆ ಎಂಟಕ್ಕೆ ಸ್ಟಾರ್ಟ್ ಆಗಿ ಆಫೀಸಿಗೆ ಕರ್ಕೊಂಡು ಹೋಗಿ ಸಂಜೆ ವಾಪಸ್ ತಂದು ಬಿಡ್ತಿತ್ತು ಅಂತ ತಾನೆ ಅದರರ್ಥ.

ನನ್ನ ಕಾರಿಗೆ ಫ್ಯಾಕ್ಟರಿಯಲ್ಲಿ ಹಾಕಿದ ನಂಬರ್ 6ಆರ್07ಟಿ ಅಂತ ಶುರುವಾಗುತ್ತೆ. 6 ಅಂದ್ರೆ 1966, 07 ಅಂದ್ರೆ ಹಾರ್ಡ್‌ಟಾಪ್, ಟಿ ಅಂದ್ರೆ ಈ 200 ಸಿಕ್ಸು. ಆರ್ ಅಂದ್ರೆ ಸ್ಯಾನ್ ಹೊಸೆ ಫ್ಯಾಕ್ಟರಿ. ಹೆಸರು ಸ್ಯಾನ್ ಹೊಸೆ ಆದ್ರೂ ಫ್ಯಾಕ್ಟರಿ ಇದ್ದಿದ್ದು ಮಿಲ್ಪಿಟಾಸ್‌ನಲ್ಲಿ, 1983ರಲ್ಲಿ ಮುಚ್ಚಿದ್ರು, 1994ರಲ್ಲಿ ಅದೇ ಕಟ್ಟಡವನ್ನ ಶಾಪಿಂಗ್ ಮಾಲ್ ಮಾಡಿದ್ರು. ಹೌದು, ಗ್ರೇಟ್ ಮಾಲ್. ಊರಿಂದ ಅಪ್ಪ ಅಮ್ಮ ಬಂದಾಗ ವಾಪಸ್ ಹೋಗೋ ಮುಂಚೆ ಸೂಟ್‌ಕೇಸ್ ತಗೊಳ್ಳೋಕೆ ನಾವೆಲ್ಲ ಹೋಗ್ತೀವಲ್ಲ, ಅದೇ. ಅಷ್ಟು ಉದ್ದ ನಡೀಬೇಕು ಯಾಕೆ ಅಂತ ಕಾಲು ನೋಯಿಸ್ಕೊಂಡು ಬೈದಿರೋರಿಗೆ ಉತ್ತರ, ಅದು ಕಾರು ಕಟ್ಟೋ ಶೆಡ್ಡು.

ಈಗ ಹೋಲಿಕೆಗೆ ಬರ್ತೀನಿ. ಮೊದ್ಲು ವಿ8.

ಗುಂಪಲ್ಲೇ ಒಬ್ರು ಹಾಸನದವರು ಇದಾರೆ, ಅವ್ರದ್ದೂ 1966, ಅದೂ ಹಾರ್ಡ್‌ಟಾಪೇ, ಆದ್ರೆ 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬು (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡೋ ಕಾರ್ಬುರೇಟರ್), ಮೂರು ಗೇರಿನ ಆಟೋಮ್ಯಾಟಿಕ್, ಪವರ್ ಸ್ಟೀರಿಂಗು. ಅದೂ ಒರಿಜಿನಲ್ಲೇ, ಹಾಗಾಗಿ ಹೋಲಿಕೆ ಸರಿಯಾಗಿ ಬರುತ್ತೆ. ಕಾಗದದ ಮೇಲೆ ಅವ್ರದ್ದು 200 ಹಾರ್ಸ್‌ಪವರ್ ನಂದು 120, ಎರಡೂ ಆಗಿನ ಕಾಲದ ಧಾರಾಳದ ಲೆಕ್ಕ, ಇಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಇಟ್ಟು ಅಳೆದಿದ್ದು. ಕೀ ತಿರುಗಿಸಿದ ತಕ್ಷಣ ಬರೋ ಆ ಗುಡುಗುಡು ಇದ್ಯಲ್ಲ, ಅದನ್ನ ಚೆನ್ನಾಗಿಲ್ಲ ಅಂದ್ರೆ ಸುಳ್ಳು ಹೇಳಿದ ಹಾಗೆ. ಸುನೋಲ್ ಏರಲ್ಲಿ ಕಾಲು ಒತ್ತಿದ್ರೆ ಗೇರ್ ಇಳಿಸ್ಕೊಂಡು ಸರ್ರಂತ ಹೋಗುತ್ತೆ, ಟೆಸ್ಲಾಗಳ ಮಧ್ಯೆ ಮರ್ಯಾದೆಯಿಂದ ಮರ್ಜ್ ಆಗ್ಬೋದು. ನನ್ನ ಕಾರಲ್ಲಿ ಅದೇ ಮರ್ಜ್‌ಗೆ ಸೆಕೆಂಡ್ ಗೇರಲ್ಲಿ ಪೂರ್ತಿ ಒತ್ತಿ, ದೇವರ ಹೆಸರು ಹೇಳಿ, ಹಿಂದೆ ಬರೋ ಟ್ರಕ್ಕಿನವನ ಒಳ್ಳೇತನ ನಂಬ್ಕೊಂಡು ಹೋಗ್ಬೇಕು. ಸ್ಟಾಪ್‌ವಾಚ್ ಹಿಡ್ಕೊಂಡು ಮಗ ಪಕ್ಕದಲ್ಲಿ ಕೂತಿದ್ದ, ಸೊನ್ನೆಯಿಂದ 60 ಮೈಲಿಗೆ ನಂದು 14 ಸೆಕೆಂಡ್ ಮೇಲೇ ಬಂತು. ಅವನ ಕಮೆಂಟು, "ಅಪ್ಪಾ, ಇದು ಕೌಂಟ್‌ಡೌನ್ ಅಲ್ಲ ಕ್ಯಾಲೆಂಡರ್."

ಆದ್ರೆ ಕ್ಯಾನ್ಯನ್ ಒಳಗೆ ಕಥೆ ಬೇರೆ. ವಿ8ನ ಮೂಗು ಭಾರ, ತಿರುವಿಗೆ ಹಾಕಿದ್ರೆ ಮುಂದಿನ ಚಕ್ರ ನೇರ ಹೋಗೋಕೆ ನೋಡುತ್ತೆ, ಮೇಲಿಂದ ಆ ಕಾಲದ ಪವರ್ ಸ್ಟೀರಿಂಗು ಒಂದು ಬೆರಳಲ್ಲಿ ತಿರುಗುತ್ತೆ ಹೊರತು ಕೆಳಗೆ ರೋಡು ಇದ್ಯಾ ಇಲ್ವಾ ಅನ್ನೋದೇ ಕೈಗೆ ಹೇಳಲ್ಲ. ನನ್ನದು ನಿಂತಾಗ ತಿರುಗಿಸ್ಬೇಕು ಅಂದ್ರೆ ಜಿಮ್‌ಗೆ ಹೋದ ಹಾಗೆ, ಸ್ಟೀರಿಂಗನ್ನ ಈ ಕೊನೆಯಿಂದ ಆ ಕೊನೆಗೆ ಸುತ್ತಿ ಸುತ್ತಿ ಸಾಕಾಗುತ್ತೆ, ಆದ್ರೆ 45ರಲ್ಲಿ ಹೋಗ್ತಿರುವಾಗ ಮುಂದಿನ ಟೈರಿನ ಪ್ರತಿಯೊಂದು ಮಾತೂ ಅಂಗೈಗೆ ಬರುತ್ತೆ. ಮುಂದೆ ಭಾರ ಕಮ್ಮಿ, ಕಾರು ಒಟ್ಟು 2,500 ಪೌಂಡ್ ಹತ್ರ, ಅಂದ್ರೆ ಈಗಿನ ಸಣ್ಣ ಹ್ಯಾಚ್‌ಬ್ಯಾಕ್ ಲೆಕ್ಕ. ನೈಲ್ಸ್ ಕ್ಯಾನ್ಯನ್‌ನಲ್ಲಿ ಮಿತಿ ಇರೋದೇ 45, ಅಲ್ಲಿ 200 ಹಾರ್ಸ್‌ಪವರ್ ತಗೊಂಡು ಏನ್ಮಾಡ್ತೀರಾ, ಉಪ್ಪಿನಕಾಯಿ ಹಾಕ್ತೀರಾ?

ಬಾನೆಟ್ ಎತ್ತಿದ್ರೆ ಇನ್ನೊಂದು ವ್ಯತ್ಯಾಸ. ಈ ಕಾರಿನ ಇಂಜಿನ್ ಜಾಗದಲ್ಲಿ ಎರಡೂ ಕಡೆ ಶಾಕ್ ಟವರ್ (ಶಾಕ್ ಅಬ್ಸಾರ್ಬರ್ ಕೂರೋ ಉಬ್ಬು) ಒಳಗೆ ನುಗ್ಗಿದೆ, ವಿ8 ಅದರ ಮಧ್ಯೆ ತುರುಕಿದ ಹಾಗೆ ಕೂತಿರುತ್ತೆ, ಹಿಂದಿನ ಸ್ಪಾರ್ಕ್ ಪ್ಲಗ್ ಬಿಚ್ಚೋಕೆ ಹೋದ್ರೆ ಮೊಣಕೈ ತರಚಿಕೊಂಡೇ ಬರ್ಬೇಕು. ಸಿಕ್ಸು ಉದ್ದಕ್ಕೆ ಸಪೂರ ನಿಂತಿರುತ್ತೆ. ಪ್ಲಗ್ ಆರೂ ಒಂದೇ ಕಡೆ ಸಾಲಾಗಿ, ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಕೈಗೆ ಸಿಗುತ್ತೆ, ಫ್ಯುಯೆಲ್ ಪಂಪು ಕಣ್ಣಿಗೆ ಕಾಣುತ್ತೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಸ್ಪಾರ್ಕಿಗೆ ಕರೆಂಟ್ ಕಡಿಯೋ ಸ್ವಿಚ್ಚು) ಉಜ್ಜಿ ಫೀಲರ್ ಗೇಜ್ ಹಾಕಿ ಗ್ಯಾಪ್ ಇಟ್ಟು ಬಾನೆಟ್ ಮುಚ್ಚೋಕೆ ನನಗೆ ಕಾಫಿ ಆರೋಷ್ಟು ಹೊತ್ತು ಸಾಕು. ಮೈಲೇಜು ನಾನು ಬರೆದಿಟ್ಟಿದ್ದು: ನಂದು ಗ್ಯಾಲನ್‌ಗೆ 19, 20 ಮೈಲಿ (ಲೀಟರ್‌ಗೆ 8 ಕಿಲೋಮೀಟರ್ ಮೇಲೆ), ಹಾಸನದವರದ್ದು 14. ಅವ್ರು ಅದನ್ನ ಒಪ್ಪಲ್ಲ, ಹದಿನಾರು ಅಂತಾರೆ, ಇರ್ಲಿ.

ಎರಡನೇದು, ಮಾಡಿಫೈ ಮಾಡಿಸಿದ್ದು, ಇಲ್ಲಿನವರ ಬಾಯಲ್ಲಿ ರೆಸ್ಟೋಮಾಡ್. ನನ್ನ ಆಫೀಸಿನ ಸಹೋದ್ಯೋಗಿಯೊಬ್ಬನ 1965ರ ಮಸ್ಟಾಂಗ್, ಅದೂ ಹುಟ್ಟಿದ್ದು ಸಿಕ್ಸಾಗಿಯೇ, ಫೆಂಡರ್ ಒಳಗಿನ ನಂಬರಲ್ಲಿ ಈಗ್ಲೂ ಟಿ ಅಂತ ಇದೆ. ಈಗ ಅದರೊಳಗೆ ಎಂಬತ್ತರ ದಶಕದ ಮಸ್ಟಾಂಗಿನ 5.0 ಲೀಟರ್ ವಿ8, ಫ್ಯುಯೆಲ್ ಇಂಜೆಕ್ಷನ್, ಐದು ಗೇರು, ಮುಂದೆ ಡಿಸ್ಕು, ರ‍್ಯಾಕ್ ಸ್ಟೀರಿಂಗು, ಏಸಿ. ಅವನು ನನಗೆ ಪಟ್ಟಿ ತೋರಿಸ್ದ. ವಿ8 ಹಾಕಿದ್ದಕ್ಕೆ ಮುಂದಿನ ಸ್ಪ್ರಿಂಗ್ ಬದಲು. ಸಿಕ್ಸಿನ ಸ್ಪಿಂಡಲ್ (ಮುಂದಿನ ಚಕ್ರ ಕೂರೋ ಅಚ್ಚು) ಚಿಕ್ಕದು, ಅದಕ್ಕೆ ವಿ8ನ ಸ್ಪಿಂಡಲ್ಲು, ಸ್ಟೀರಿಂಗಿನ ರಾಡುಗಳೂ ಬೇರೆ. ಸಿಕ್ಸಿನ ಚಕ್ರಕ್ಕೆ ನಾಲ್ಕು ನಟ್ಟು, ವಿ8ಗೆ ಐದು, ಹಾಗಾಗಿ ವೀಲ್ ಬದಲು. ಮುಂದೆ ಐದಾದ್ರೆ ಹಿಂದೆ ನಾಲ್ಕು ಇಡೋಕಾಗುತ್ತಾ, ಹೇಗೂ ಸಿಕ್ಸಿನ ಹಿಂದಿನ ಆಕ್ಸಲ್ ಆ ತಾಕತ್ತು ತಡೆಯಲ್ಲ, ಅದೂ ಬದಲು. ಆಮೇಲೆ ಡ್ರೈವ್‌ಶಾಫ್ಟು, ರೇಡಿಯೇಟರು, ಸೈಲೆನ್ಸರ್ರು, ಪೆಟ್ರೋಲ್ ಪಂಪು ವೈರಿಂಗು. ಮನೆಗೆ ಹೊಸ ಸೋಫಾ ತಂದು, ಅದಕ್ಕೆ ಮ್ಯಾಚ್ ಆಗ್ಲಿ ಅಂತ ಕರ್ಟನ್ನು, ಕರ್ಟನ್ನಿಗೆ ಗೋಡೆ ಬಣ್ಣ, ಕೊನೆಗೆ ಮನೇನೇ ಕೆಡವಿ ಕಟ್ಟಿಸಿದ ಹಾಗೆ. ಹಳೇ ಮಸ್ಟಾಂಗ್ ತಗೊಳ್ಳೋಕೆ ಹೋಗೋರು ಇದನ್ನ ನೆನಪಿಟ್ಕೊಳ್ಳಿ, ನಂಬರಲ್ಲಿ ಟಿ ಇದ್ದು ಬಾನೆಟ್ ಒಳಗೆ ವಿ8 ಇದ್ರೆ ಮೊದ್ಲು ಬಗ್ಗಿ ಚಕ್ರದ ನಟ್ಟು ಎಣಿಸಿ. ನಾಲ್ಕೇ ಇದ್ರೆ ಯಾರೋ ಅರ್ಧ ಕೆಲಸ ಮಾಡಿ ಕೈ ತೊಳ್ಕೊಂಡಿದಾರೆ ಅಂತ, ಅಲ್ಲಿಂದ ಹೊರಟುಬಿಡಿ.

ಓಡಿಸೋಕೆ ಹೇಗಿತ್ತು ಅಂದ್ರೆ, ಪ್ರಾಮಾಣಿಕವಾಗಿ ಹೇಳ್ತೀನಿ, ಎಲ್ಲದರಲ್ಲೂ ನನ್ನ ಕಾರಿಗಿಂತ ಮುಂದೆ. ಬ್ರೇಕ್ ಹಿಡಿದ್ರೆ ನಿಲ್ಲುತ್ತೆ, ಹಿಡಿದ ಕಡೆಗೆ ತಿರುಗುತ್ತೆ, 70ರಲ್ಲಿ ಐದನೇ ಗೇರಲ್ಲಿ ಮಾತಾಡ್ಕೊಂಡು ಹೋಗ್ಬೋದು. ಸುನೋಲ್ ಏರು ಅಂತ ಒಂದು ಇತ್ತು ಅನ್ನೋದೇ ಗೊತ್ತಾಗ್ಲಿಲ್ಲ. ಸಮಸ್ಯೆ ಏನಪ್ಪಾ ಅಂದ್ರೆ ಅದೇನೇ. ಮಿಷನ್ ಬುಲೆವಾರ್ಡ್‌ಗೆ ಇಳಿದಾಗ ಗೊತ್ತಾಯ್ತು ಕೊನೇ ಐದು ಮೈಲಿ ನಾನು ಸೋಮವಾರದ ಮೀಟಿಂಗ್ ಬಗ್ಗೆ ಯೋಚನೆ ಮಾಡ್ತಿದ್ದೆ ಅಂತ. ನನ್ನ ಹೋಂಡಾದಲ್ಲಿ ದಿನಾ ಅದೇ ಮಾಡ್ತೀನಿ, ಅದಕ್ಕೆ ಇಷ್ಟು ಖರ್ಚು ಯಾಕೆ? ಸಿಕ್ಸಲ್ಲಿ ಹೋಗುವಾಗ ಮೀಟಿಂಗ್ ನೆನಪಾಗೋಕೆ ಪುರುಸೊತ್ತೇ ಇರಲ್ಲ. ಮೊದಲ ಗೇರಿಗೆ ಸಿಂಕ್ರೋ (ಗೇರುಗಳ ಸ್ಪೀಡು ಹೊಂದಿಸಿ ಸಲೀಸಾಗಿ ಕೂರಿಸೋ ಸಾಮಾನು) ಇಲ್ಲ, ಉರುಳ್ತಿರುವಾಗ ಒಂದನೇ ಗೇರಿಗೆ ಹಾಕೋಕೆ ಹೋದ್ರೆ ಕರ್‌ರ್ ಅಂತ ಕಿರುಚುತ್ತೆ, ನಮ್ಮೂರ ಹಳೇ ಲಾರಿ ಡ್ರೈವರ್‌ಗಳು ಮಾಡ್ತಿದ್ದ ಹಾಗೆ ಎರಡು ಸಲ ಕ್ಲಚ್ ಒತ್ತಿ ಮಧ್ಯದಲ್ಲಿ ಆಕ್ಸಲರೇಟರ್ ಕೊಟ್ಟು ಹಾಕ್ಬೇಕು. ಮುಂದಿನ ಸಿಗ್ನಲ್ ಕೆಂಪಾಗುತ್ತಾ ಅಂತ ಎರಡು ಬ್ಲಾಕ್ ಹಿಂದೇನೇ ಲೆಕ್ಕ ಹಾಕ್ಬೇಕು, ಯಾಕಂದ್ರೆ ಬ್ರೇಕು ಹಂಗಿದೆ.

ಆ ರೆಸ್ಟೋಮಾಡ್ ಈ ಹೋಲಿಕೆ ಮುಗಿಯೋಕೆ ಮುಂಚೆ ಎರಡು ಸಲ ಗ್ಯಾರೇಜಿಗೆ ಹೋಗಿ ಬಂತು, ಐಡಲ್ (ಕಾರು ನಿಂತಾಗಿನ ಇಂಜಿನ್ ಸ್ಪೀಡು) ಮೇಲೆ ಕೆಳಗೆ ಆಗ್ತಿತ್ತು, ಲ್ಯಾಪ್‌ಟಾಪ್ ಇಟ್ಕೊಂಡು ಹುಡುಕಿದ್ರು. ಅದೊಂದು ಕಾರಣ ಅಂತ ನಾನೇನೂ ಹೇಳ್ತಿಲ್ಲ, ನನ್ನದೂ ಕೆಟ್ಟಿದೆ. ಆದ್ರೆ ನನ್ನದು ಕೆಟ್ಟಾಗ ರಿಪೇರಿ ಪುಸ್ತಕ ತೆಗೆದ್ರೆ ಅದರಲ್ಲಿರೋ ಚಿತ್ರಾನೂ ಕಾರಲ್ಲಿರೋ ಸಾಮಾನೂ ಒಂದೇ ಇರುತ್ತೆ. ಅವನ ಕಾರಿಗೆ ಯಾವ ಪುಸ್ತಕವೂ ಇಲ್ಲ, ಕಟ್ಟಿದವನ ತಲೆಯೇ ಪುಸ್ತಕ.

ಈಗ ನನ್ನ ತಪ್ಪಿನ ಕಥೆ, ಈ ಬರಹದಲ್ಲಿ ಯಾರಿಗಾದ್ರೂ ಪ್ರಯೋಜನಕ್ಕೆ ಬರೋದು ಅಂದ್ರೆ ಇದೇ. ಕಾರು ತಂದ ಹೊಸದರಲ್ಲಿ ನಾನೂ ಮಾಡಿಫೈ ಮಾಡಿದ್ದೆ. ಜಾಸ್ತಿ ಏನಲ್ಲ, ಕಾರ್ಬು ಒಂದೇ. ಒರಿಜಿನಲ್ ಕಾರ್ಬು ಆಟೋಲೈಟ್ 1100, ಒಂದೇ ಬ್ಯಾರೆಲ್ಲು, ಸೋರ್ತಿತ್ತು. ಯಾರೋ ಹೇಳಿದ್ರು ಹಳೇದು ಯಾಕೆ ಒದ್ದಾಡ್ತೀಯ ಹೊಸದು ಹಾಕ್ಬಿಡು ಅಂತ, ಸರಿ ಅಂತ ಬೇರೆ ನಮೂನೆಯ ಒಂದು ಹೊಸ ಕಾರ್ಬು ತರಿಸಿ ಕೂರಿಸ್ದೆ. ಸೋರಿಕೆ ನಿಂತು ಹೋಯ್ತು, ಐಡಲ್ಲೂ ಚೆನ್ನಾಗಿ ಬಂತು, ಖುಷಿಯಾಯ್ತು. ಆದ್ರೆ ರೋಡಿಗೆ ತಂದ್ರೆ ಕಾರು ಸತ್ತ ಹಾಗೆ. ಸುನೋಲ್ ಏರಲ್ಲಿ ಮೂರನೇ ಗೇರಲ್ಲಿ ಹತ್ತೋದು ಬಿಟ್ಟು ಸೆಕೆಂಡಿಗೆ ಇಳಿಸಿ 35ರಲ್ಲಿ ಬಲಗಡೆ ಲೇನಲ್ಲಿ ಟ್ರಕ್ಕುಗಳ ಹಿಂದೆ. ಮೂರು ತಿಂಗಳು ಇದೇ ಸಿಕ್ಸಿನ ಹಣೆಬರಹ ಅಂದ್ಕೊಂಡೇ ಓಡಿಸ್ದೆ, ಆಗ ವಿ8 ಹಾಕ್ಸೋಣ ಅಂತ ನಿಜಕ್ಕೂ ಮನಸ್ಸಾಗಿತ್ತು.

ಆಮೇಲೆ ಒಂದು ದಿನ, ಸ್ಪಾರ್ಕು ಯಾವಾಗ ಬರುತ್ತೆ ಅಂತ ತೋರಿಸೋ ಟೈಮಿಂಗ್ ಲೈಟ್ ಹಿಡಿದು ನೋಡಿದ್ರೆ, ಇಂಜಿನ್ ಸ್ಪೀಡ್ ಏರಿಸಿದ್ರೂ ಸ್ಪಾರ್ಕು ಮುಂದಕ್ಕೆ ಹೋಗೋದೇ ಇಲ್ಲ. ಯಾಕೆ ಅಂತ ಓದ್ತಾ ಹೋದಾಗ ಗೊತ್ತಾಯ್ತು. ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್ ಒಳಗೆ ಸಣ್ಣ ತೂಕದ ಬಟ್ಟುಗಳು ಇರ್ತವೆ, ಸ್ಪೀಡ್ ಏರಿದ ಹಾಗೆ ಅವು ಹೊರಗೆ ಚಿಮ್ಮಿ ಸ್ಪಾರ್ಕನ್ನ ಬೇಗ ಬರೋ ಹಾಗೆ ಮಾಡ್ತವೆ. ಫೋರ್ಡಿನ ಆ ಕಾಲದ ಸಿಕ್ಸಲ್ಲಿ ಅವು ಇಲ್ಲವೇ ಇಲ್ಲ. ಲೋಡೋಮ್ಯಾಟಿಕ್ ಅಂತ ಅದರ ಹೆಸರು, ಎಲ್ಲಾ ಕೆಲಸ ವ್ಯಾಕ್ಯೂಮಿಂದಲೇ, ಅಂದ್ರೆ ಇಂಜಿನ್ನು ಗಾಳಿ ಎಳ್ಕೊಳ್ಳೋ ಸೆಳೆತದಿಂದ. ಆ ವ್ಯಾಕ್ಯೂಮು ಬರೋದು ಕಾರ್ಬಿನಿಂದ, ಅದೂ ಕಾರ್ಬಿನ ಎರಡು ಬೇರೆ ಜಾಗದಿಂದ ಬಂದು, ಪಕ್ಕದಲ್ಲಿರೋ ಸ್ಪಾರ್ಕ್ ಕಂಟ್ರೋಲ್ ವಾಲ್ವ್ ಅನ್ನೋ ಒಂದು ಪುಟ್ಟ ವಾಲ್ವಿನ ಮೂಲಕ ಹದ ಆಗಿ ಹೋಗುತ್ತೆ. ಅಂದ್ರೆ ಕಾರ್ಬು ಮತ್ತೆ ಡಿಸ್ಟ್ರಿಬ್ಯೂಟರ್ ಎರಡಲ್ಲ, ಗಂಡ ಹೆಂಡತಿ. ನಾನು ಒಬ್ಬರನ್ನ ಮನೆಯಿಂದ ಆಚೆ ಹಾಕಿ ಸಂಸಾರ ಯಾಕೆ ನಡೀತಿಲ್ಲ ಅಂತ ಕೇಳ್ತಿದ್ದೆ. ಹೊಸ ಕಾರ್ಬು ಕೆಟ್ಟದ್ದಲ್ಲ, ಅದಕ್ಕೆ ಈ ಭಾಷೆ ಬರಲ್ಲ ಅಷ್ಟೇ. ಹೊಸ ಕಾರ್ಬಿಗೆ ಹೊಸ ಡಿಸ್ಟ್ರಿಬ್ಯೂಟರೂ ಹಾಕಿದ್ರೆ ಸರಿಹೋಗುತ್ತೆ, ಹಾಗೆ ಮಾಡಿ ಚೆನ್ನಾಗಿ ಓಡಿಸ್ತಿರೋರೂ ಇದಾರೆ. ನಾನು ಹಳೇದನ್ನ ಡಬ್ಬದಿಂದ ತೆಗೆದು, ಒಂದು ಶನಿವಾರ ಕೂತು ಬಿಚ್ಚಿ, ತೊಳೆದು, ಪಂಪ್ ಡಯಾಫ್ರಮ್ಮು ನೀಡಲ್ಲು ಗ್ಯಾಸ್ಕೆಟ್ಟು ಹೊಸದು ಹಾಕಿ, ಆ ಪುಟ್ಟ ವಾಲ್ವೂ ಬದಲಾಯಿಸಿ ವಾಪಸ್ ಕೂರಿಸ್ದೆ. ಭಾನುವಾರ ಅದೇ ಏರು, ಮೂರನೇ ಗೇರಲ್ಲೇ, 55ಕ್ಕೆ ಇಳೀದೆ ಹತ್ತಿತು. ಹೆಂಡತಿ ಪಕ್ಕದಲ್ಲಿದ್ಲು, "ರೀ, ಇದೇ ಕಾರಾ?" ಅಂದ್ಲು.

ಇಂಥ ಜೋಡಿಗಳು ಈ ಇಂಜಿನಲ್ಲಿ ಇನ್ನೂ ಇವೆ. ಕಾರ್ಬಿನಿಂದ ಸಿಲಿಂಡರ್‌ಗಳಿಗೆ ಗಾಳಿ ಪೆಟ್ರೋಲು ಒಯ್ಯೋ ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನೋದು ಬೋಲ್ಟ್ ಬಿಚ್ಚಿ ತೆಗೆಯೋ ಸಾಮಾನಲ್ಲ, ಸಿಲಿಂಡರ್ ಹೆಡ್ ಜೊತೆ ಒಂದೇ ಎರಕದಲ್ಲಿ ಬಂದಿರೋ ಒಂದು ಕೊಳವೆ. ಅದಕ್ಕೆ ದೊಡ್ಡ ಕಾರ್ಬು ಬೇಕು ಅಂದ್ರೆ ಕೊರೀಬೇಕು, ವೆಲ್ಡ್ ಮಾಡ್ಬೇಕು. ಜಾಸ್ತಿ ಉಸಿರಾಡೋಕೆ ಬಿಡಲ್ಲ ಅದು, ಅದಕ್ಕೆ ಮೇಲಿನ ಸ್ಪೀಡಲ್ಲಿ ಉಸಿರು ಕಟ್ಟುತ್ತೆ, ಆದ್ರೆ ಕೆಳಗಿನ ಸ್ಪೀಡಲ್ಲಿ, 2,400 ಸುತ್ತಿನ ಹತ್ರ, ಅದರ ಎಳೆತ ಪೂರ್ತಿ ಸಿಕ್ಕಿಬಿಡುತ್ತೆ. ಕ್ರ್ಯಾಂಕ್‌ಶಾಫ್ಟಿಗೆ ಏಳು ಮೇನ್ ಬೇರಿಂಗು, ಹಾಗಾಗಿ ನಡುಕ ಇಲ್ಲ. ಮೂರನೇ ಗೇರಲ್ಲಿ 20 ಮೈಲಿ ಸ್ಪೀಡಿಂದ ಸುಮ್ನೆ ಒತ್ತಿದ್ರೂ ಗೊಣಗದೆ ಎಳ್ಕೊಂಡು ಹೋಗುತ್ತೆ, ಹೊಲಿಗೆ ಮಷಿನ್ ಥರ ಒಂದೇ ಸಮ ಶಬ್ದ. ಮೂರೇ ಗೇರು ಯಾಕೆ ಕೊಟ್ರು ಅಂತ ನಾನು ಬೈತಿದ್ದೆ, ಕಾರ್ಬು ಸರಿಯಾದ ಮೇಲೆ ಮೂರೇ ಸಾಕು ಅಂತ ಗೊತ್ತಾಯ್ತು.

ಮೂರನೇದು ಎದುರು ಮನೆ ಅಮೆರಿಕನ್ ತಾತನ ಕಾರು, 1965ರ ಪ್ಲಿಮತ್ ಬಾರಾಕುಡಾ. ಇದನ್ನ ಓಡಿಸೋ ತನಕ ನನಗೆ ಸ್ವಲ್ಪ ಜಂಬ ಇತ್ತು ಅಂತ ಒಪ್ಕೋತೀನಿ. ಈ ಜಾತಿಯ ಚಿಕ್ಕ ಸ್ಪೋರ್ಟಿ ಕಾರುಗಳಿಗೆ ಪೋನಿ ಕಾರು ಅನ್ನೋ ಹೆಸರು ಬಂದಿದ್ದು ಕುದುರೆ ಹೆಸರಿನ ಮಸ್ಟಾಂಗಿನಿಂದ, ಆದ್ರೆ ಅಂಗಡಿಗೆ ಮೊದ್ಲು ಬಂದಿದ್ದು ಈ ಮೀನಿನ ಹೆಸರಿಂದು, 1964ರ ಏಪ್ರಿಲ್ 1ಕ್ಕೆ, ಹದಿನಾರು ದಿನ ಮುಂಚೆ. ತಾತನ ಕಾರಲ್ಲಿರೋದು 225 ಸ್ಲಾಂಟ್ ಸಿಕ್ಸು, ಇಂಜಿನನ್ನ 30 ಡಿಗ್ರಿ ವಾಲಿಸಿ ಮಲಗಿಸಿದಾರೆ, ವಾಲಿದ್ದರಿಂದ ಇನ್ನೊಂದು ಕಡೆ ಖಾಲಿ ಸಿಕ್ಕ ಜಾಗದಲ್ಲಿ ಉದ್ದುದ್ದ ಇನ್‌ಟೇಕ್ ಕೊಳವೆಗಳು. 145 ಹಾರ್ಸ್‌ಪವರು. ಇಂಜಿನ್ ಲೆಕ್ಕದಲ್ಲಿ ಇದು ನನ್ನ ಫೋರ್ಡಿಗಿಂತ ಒಳ್ಳೇ ಇಂಜಿನ್ನು, ಅದರಲ್ಲಿ ಎರಡು ಮಾತಿಲ್ಲ. ಏರಲ್ಲಿ ಆಟೋಮ್ಯಾಟಿಕ್ ಇಟ್ಕೊಂಡೂ ನನ್ನ ಮ್ಯಾನುಯಲ್‌ಗಿಂತ ಸಲೀಸಾಗಿ ಹತ್ತಿತು. ಹಿಂದಿನ ಗಾಜು ಅಂದ್ರೆ ಗಾಜಲ್ಲ, ಗ್ರೀನ್‌ಹೌಸು, ಬಿಸಿಲಲ್ಲಿ ಹಪ್ಪಳ ಒಣಗಿಸ್ಬೋದು, ಹಿಂದಿನ ಸೀಟ್ ಮಡಚಿದ್ರೆ ಒಬ್ಬ ಮಲಗ್ಬೋದು. ವಾಲ್ವು ಅಡ್ಜಸ್ಟ್ ಮಾಡೋ ಜಾತಿಯ ಇಂಜಿನ್ನು, ಹಾಗಾಗಿ ಟಿಕ್ ಟಿಕ್ ಟಿಕ್ ಅಂತ ಒಂದು ಸದ್ದು ಇದ್ದೇ ಇರುತ್ತೆ, ತಾತನ ಪ್ರಕಾರ ಆ ಸದ್ದು ನಿಂತ್ರೆ ಆಗ ಚಿಂತೆ ಮಾಡ್ಬೇಕು.

ಆ ಕಾರಿಗೆ ನಾನೊಂದು ಅನಾಹುತಾನೂ ಮಾಡಿದೆ. ಟೈರ್ ಬದಲಾಯಿಸೋಕೆ ಸಹಾಯ ಮಾಡ್ತೀನಿ ಅಂತ ಡ್ರೈವರ್ ಕಡೆ ಚಕ್ರದ ನಟ್ಟು ಬಿಚ್ಚೋಕೆ ಹೋದೆ, ಬರ್ಲಿಲ್ಲ, ಇನ್ನೂ ಒತ್ತಿದೆ, ಬರ್ಲಿಲ್ಲ, ಮೇಲೆ ಹತ್ತಿ ನಿಂತೆ, ಟಪ್ಪಂತ ಸ್ಟಡ್ಡು ಮುರೀತು. ಕ್ರೈಸ್ಲರ್ ಕಾರುಗಳಲ್ಲಿ ಆಗ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಅಂತೆ, ನಾನು ಬಿಚ್ತಾ ಇರ್ಲಿಲ್ಲ, ಬಿಗೀತಾ ಇದ್ದೆ. ತಾತ ಬೈಲಿಲ್ಲ. ನಿಮ್ಮ ಮುಂಚೆ ನಾಲ್ಕು ಜನ ಮುರಿದಿದಾರೆ ಅಂತ ಡಬ್ಬದಿಂದ ಇನ್ನೊಂದು ಸ್ಟಡ್ ತೆಗೆದ್ರು.

ಹಾಗಾದ್ರೆ ಬಾರಾಕುಡಾನೇ ತಗೋಬೋದಲ್ಲ? ತಗೋಬೋದು, ಸಿಕ್ಕಿದ್ರೆ. ಅದರ ಇಂಜಿನ್ ಸಾಮಾನಿಗೆ ತೊಂದ್ರೆ ಇಲ್ಲ, ಆ ಇಂಜಿನ್ನು ಎಷ್ಟೋ ಕಾರಿಗೆ ಹಾಕಿದಾರೆ. ಆದ್ರೆ ಆ ಹಿಂದಿನ ಗಾಜು ಒಡೆದ್ರೆ, ಬಾಡಿಯ ಒಂದು ಪಟ್ಟಿ ಬಿದ್ದುಹೋದ್ರೆ, ಹುಡುಕ್ತಾ ಕೂರ್ಬೇಕು. ಮಸ್ಟಾಂಗಿಗೆ ಬಾಗಿಲ ರಬ್ಬರಿಂದ ಹಿಡಿದು ಪೂರ್ತಿ ಫೆಂಡರ್ ತನಕ ಹೊಸದಾಗಿ ಮಾಡಿದ್ದು ಮನೆ ಬಾಗಿಲಿಗೇ ಬರುತ್ತೆ. ನನ್ನಂಥ ಶನಿವಾರದ ಮೆಕ್ಯಾನಿಕ್‌ಗೆ ಅದು ದೊಡ್ಡ ವಿಷಯ.

ಒಂದು 1967ರ ಕ್ಯಾಮರೋ ಸಿಕ್ಸೂ ಓಡಿಸಿದೆ, 250 ಇಂಜಿನ್ನು, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್. ಮಾರೋಕೆ ಇಟ್ಟಿದ್ರು, ಇಪ್ಪತ್ತು ನಿಮಿಷ ಸಿಕ್ತು, ಲೂಪ್ ಪೂರ್ತಿ ಆಗ್ಲಿಲ್ಲ. ಕೂರೋಕೆ ಚೆನ್ನಾಗಿದೆ, ರೋಡ್ ಮೇಲೆ ಮಸ್ಟಾಂಗಿಗಿಂತ ಅಗಲವಾಗಿ ಗಟ್ಟಿಯಾಗಿ ಕೂತಿದೆ ಅನ್ಸುತ್ತೆ, ಆದ್ರೆ ಆ ಎರಡು ಗೇರಿನ ಮಧ್ಯೆ ಇಂಜಿನ್ ಒಂದೇ ಸ್ವರದಲ್ಲಿ ಅಳ್ತಾ ಇರುತ್ತೆ. ಅಷ್ಟರ ಮೇಲೆ ಹೆಚ್ಚು ಹೇಳೋ ಹಕ್ಕು ನನಗಿಲ್ಲ.

ಇದ್ದ ಹಾಗೇ ಅಂತ ಹೆಗಲು ತಟ್ಕೊಳ್ಳೋಕೆ ಮುಂಚೆ ನನ್ನ ಕಾರಲ್ಲಿ ಏನೇನು ಬದಲಾಗಿದೆ ಅಂತಾನೂ ಹೇಳ್ಬೇಕು. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಕಾರಿಗೆ ಹೊಗೆ ಕಮ್ಮಿ ಮಾಡೋಕೆ ಇಂಜಿನ್ ಮುಂದೆ ಒಂದು ಏರ್ ಪಂಪ್ ಇರ್ಬೇಕು. ಹೆಚ್ಚಿನವರು ಅದನ್ನ ಯಾವತ್ತೋ ಕಿತ್ತು ಬಿಸಾಕಿದಾರೆ, ನಂದು ಡಿಕ್ಕೀಲಿ ಗೋಣಿಚೀಲದಲ್ಲಿ ಸಿಕ್ತು, ಬೆಲ್ಟ್ ಹಾಕಿ ವಾಪಸ್ ಕೂರಿಸಿದೀನಿ. ಬ್ರೇಕಿನ ವಿಷಯಕ್ಕೆ ಮಾತ್ರ ಹಠ ಬಿಟ್ಟೆ. ಒರಿಜಿನಲ್ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ, ನಾಲ್ಕು ಚಕ್ರದಲ್ಲಿ ಎಲ್ಲೇ ಒಂದು ಕಡೆ ಆಯಿಲ್ ಸೋರಿದ್ರೂ ಪೆಡಲ್ಲು ನೆಲಕ್ಕೆ, ಬ್ರೇಕು ಪೂರ್ತಿ ಸೊನ್ನೆ. 1967ರ ಮಾಡೆಲ್‌ನಿಂದ ಫೋರ್ಡೇ ಎರಡು ಕೋಣೆಯದ್ದು ಕೊಡೋಕೆ ಶುರು ಮಾಡ್ತು. ನಾನು ಅದನ್ನ ಹಾಕಿದೀನಿ, ಹಳೇದನ್ನ ಎಣ್ಣೆ ಸವರಿ ಡಬ್ಬದಲ್ಲಿಟ್ಟು ಮೇಲೆ ತಾರೀಖು ಬರೆದಿದೀನಿ. ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಕಾರು, ಇದು ಒರಿಜಿನಲ್ ಅಲ್ಲ ಅಂತ ಯಾರಾದ್ರೂ ಮಾರ್ಕ್ಸ್ ಕಟ್ ಮಾಡಿದ್ರೆ ಮಾಡ್ಲಿ. ಡ್ರಮ್ ಮಾತ್ರ ಡ್ರಮ್ಮೇ, ಚೆನ್ನಾಗಿ ಅಡ್ಜಸ್ಟ್ ಮಾಡಿದ್ರೆ ನೇರ ನಿಲ್ಲುತ್ತೆ, ಮಳೆ ನೀರು ಒಳಗೆ ಹೋದ ದಿನ ಮಾತ್ರ ನಿಲ್ಲಲ್ಲ.

ಯಾರಿಗೆ ಯಾವ್ದು ಅಂತ ಕೇಳಿದ್ರೆ, ವಾರಕ್ಕೆ ಮೂರು ದಿನ ಹೈವೇಲಿ ಓಡಿಸ್ಬೇಕು ಅನ್ನೋರು ಮಾಡಿಫೈ ಮಾಡಿದ್ದೇ ತಗೊಳ್ಳಿ, ಆದ್ರೆ ಬೇರೆಯವರು ಮಾಡಿಸಿ ಮುಗಿಸಿದ್ದನ್ನ ತಗೊಳ್ಳಿ, ಸಿಕ್ಸ್ ತಂದು ನೀವು ಶುರು ಮಾಡ್ಬೇಡಿ. ಶಬ್ದ ಬೇಕು, ಮುಂದೆ ಮಾರುವಾಗ ಬೆಲೆನೂ ಬೇಕು ಅಂದ್ರೆ 289. ನನ್ನ ಕಣ್ಣಿಗೆ ಬಿದ್ದ ಕಾರುಗಳಲ್ಲಂತೂ ಅದೇ ಅಂದದ ಅದೇ ಸ್ಥಿತಿಯ ಸಿಕ್ಸು ಗಣನೀಯವಾಗಿ ಅಗ್ಗ, ಅದು ಮಾರೋರಿಗೆ ಬೇಜಾರು, ತಗೊಳ್ಳೋರಿಗೆ ಹಬ್ಬ. ಯಾರೂ ಮುಟ್ಟದೇ ಇರೋ ಸಿಕ್ಸುಗಳು ಕಮ್ಮಿ ಆಗ್ತಾ ಇರೋದೂ ಇದಕ್ಕೇನೇ, ಅಗ್ಗ ಅಂತ ತಗೊಂಡು ಒಳಗಿನದ್ದೆಲ್ಲ ಕಿತ್ತು ವಿ8 ಹಾಕ್ತಾರೆ.

ಇನ್ನೊಂದು ಗಮನಿಸಿದ್ದು. ಹಾಸನದವರ ವಿ8 ಹತ್ರ ಬರೋರು ಎಷ್ಟು ಹಾರ್ಸ್‌ಪವರ್ ಅಂತ ಕೇಳ್ತಾರೆ, ರೆಸ್ಟೋಮಾಡ್ ಹತ್ರ ಬರೋರು ಎಷ್ಟು ಖರ್ಚಾಯ್ತು ಅಂತ ಕೇಳ್ತಾರೆ. ನನ್ನ ಕಾರಿನ ಹತ್ರ ಆ "ಓ" ಅಂದ ಮೇಲೂ ಕೆಲವರು ಹೋಗಲ್ಲ. ನೈಲ್ಸಲ್ಲಿ ಒಂದು ಭಾನುವಾರ ವಯಸ್ಸಾದ ಹೆಂಗಸೊಬ್ರು ಬಂದು ಒಳಗೆ ಇಣುಕಿ, ಮೂರು ಗೇರಾ ಅಂತ ಕೇಳಿ, ಒಂದ್ನಿಮಿಷ ಕೂರ್ಲಾ ಅಂದ್ರು. ಕೂತು, ಕ್ಲಚ್ ಒತ್ತಿ, ಗೇರ್ ಒಂದು ಸುತ್ತು ಹಾಕಿ, ನಾನು ಸ್ಕೂಲಲ್ಲಿ ಪಾಠ ಮಾಡೋಕೆ ಸೇರಿದ ವರ್ಷ ಇದೇ ಬಣ್ಣದ್ದು ತಗೊಂಡಿದ್ದೆ ಅಂದ್ರು. ಎಷ್ಟು ಸಂಬಳ ಇತ್ತು, ಕಂತು ಎಷ್ಟು ಕಟ್ತಿದ್ದೆ, ಅಪ್ಪ ಯಾಕೆ ಬೈದ್ರು ಎಲ್ಲಾ ಹೇಳಿದ್ರು. ಅರ್ಧ ಗಂಟೆ ಆಯ್ತು. ಇಂಜಿನ್ ಬಗ್ಗೆ ಒಂದು ಮಾತೂ ಬರ್ಲಿಲ್ಲ.

ಹೋದ ತಿಂಗಳು ಅಮ್ಮ ಬಂದಿದ್ಲು ತುಮಕೂರಿಂದ. ವಾಪಸ್ ಹೋಗೋ ಮುಂಚೆ ಸೂಟ್‌ಕೇಸ್ ಬೇಕಲ್ಲ, ಮಸ್ಟಾಂಗಲ್ಲೇ ಕರ್ಕೊಂಡು ಹೋದೆ. ಟ್ಯಾಂಕ್ ಫುಲ್ ಮಾಡಿಸಿದ್ದೆ, ತಿರುವಲ್ಲಿ ಮುಚ್ಚಳದಿಂದ ಸ್ವಲ್ಪ ಚೆಲ್ಲುತ್ತೆ ಅದು, "ಲೋ, ಪೆಟ್ರೋಲ್ ವಾಸನೆ ಬರ್ತಿದೆ ನೋಡೋ, ನಿಮ್ಮ ತಾತನ ಅಂಬಾಸಿಡರ್ ಥರಾನೇ ಇದೆ" ಅಂದ್ಲು, ಹೊಗಳಿದ್ದೋ ಬೈದಿದ್ದೋ ಗೊತ್ತಾಗ್ಲಿಲ್ಲ. ಗ್ರೇಟ್ ಮಾಲ್ ಪಾರ್ಕಿಂಗಲ್ಲಿ ನಿಲ್ಲಿಸಿ, ಅಮ್ಮ ಈ ಕಾರು ಮಾಡಿದ್ದು ಇದೇ ಕಟ್ಟಡದಲ್ಲಿ, ಐವತ್ತು ವರ್ಷದ ಮೇಲಾಯ್ತು ಅಂದೆ. ಕಟ್ಟಡ ನೋಡಿದ್ಲು, ಕಾರ್ ನೋಡಿದ್ಲು, "ಹಂಗಾದ್ರೆ ತವರಿಗೆ ಬಂದಿದೆ ಅನ್ನು" ಅಂದ್ಲು. ಎರಡು ಗಂಟೆ ಸುತ್ತಿ ಎರಡು ಸೂಟ್‌ಕೇಸ್ ತಗೊಂಡು ಬಂದ್ವಿ. ಒಂದು ಡಿಕ್ಕಿಗೆ ಹೋಯ್ತು, ಇನ್ನೊಂದು ಹಿಂದಿನ ಸೀಟಿಗೆ. ಕೀ ತಿರುಗಿಸಿದ್ರೆ ಇಂಜಿನ್ ಕುಂಯ್ ಕುಂಯ್ ಅಂತ ಸುತ್ತುತ್ತೆ, ಹತ್ತಲ್ಲ. ಇನ್ನೊಂದು ಸಲ. ಹತ್ತಲ್ಲ. ನಾನು ಬೆವರ್ತಾ ಇದೀನಿ, ಅಮ್ಮ ಆರಾಮಾಗಿ ಕೂತ್ಕೊಂಡು ಸೆರಗು ಸರಿ ಮಾಡ್ಕೊಂಡು, "ಇರ್ಲಿ ಬಿಡೋ, ತವರಿಂದ ಹೊರಡುವಾಗ ಯಾರು ತಾನೆ ಒಂದೇ ಸಲಕ್ಕೆ ಎದ್ದು ಬರ್ತಾರೆ" ಅಂದ್ಲು. ಮೂರನೇ ಸಲಕ್ಕೆ ಹತ್ತಿತು.